ಗೀರು, ನೆಗ್ಗು ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಬೆಲೆ ಕಟ್ಟುವ ಬಗೆ

ಹಳೆಯ ಲ್ಯಾಪ್‌ಟಾಪನ್ನು ಮಾರಲು ಹೊರಟವರು ಬೆಲೆಯ ವಿಷಯದಲ್ಲಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ದಾರಿ ತಪ್ಪುತ್ತಾರೆ. ‘ಒಳಗೆಲ್ಲ ಚೆನ್ನಾಗಿದೆ, ಮೇಲೆ ನಾಲ್ಕು ಗೀರು ಇದ್ದರೆ ಏನಾಯಿತು’ ಎಂದು ಹೊಸದರ ಮುಕ್ಕಾಲು ಬೆಲೆ ಕೇಳಿ, ಮಾರಾಟವಾಗದೆ ತಿಂಗಳುಗಟ್ಟಲೆ ಕೂರುವವರು ಒಂದು ಬಗೆ. ಮುಚ್ಚಳದ ಮೂಲೆ ನೆಗ್ಗಿದೆ ಎಂಬ ಅಳುಕಿನಿಂದ, ಅಂಗಡಿಯವರು ಹೇಳಿದ ಮೊದಲ ಬೆಲೆಗೇ ಒಪ್ಪಿ ಕೊಟ್ಟುಬಿಡುವವರು ಇನ್ನೊಂದು ಬಗೆ. ಆ ಗೀರು ಅಥವಾ ನೆಗ್ಗು ಕೊಳ್ಳುವವರ ಮನಸ್ಸಿನಲ್ಲಿ ಎಬ್ಬಿಸುವ ಅನುಮಾನವನ್ನು ರೂಪಾಯಿಯ ಲೆಕ್ಕದಲ್ಲಿ ಅಳೆಯುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ. ಗೀರಿನಿಂದ ಯಂತ್ರದ ವೇಗ ಕಡಿಮೆಯಾಗುವುದಿಲ್ಲ, ನಿಜ. ಆದರೆ ‘ಇದು ಎಲ್ಲೋ ಬಿದ್ದಿದೆ, ಒಳಗೆ ಇನ್ನೇನಾಗಿದೆಯೋ’ ಎಂಬ ಯೋಚನೆ ಕೊಳ್ಳುವವರಿಗೆ ಬಂದ ಕ್ಷಣದಿಂದಲೇ ಬೆಲೆ ಇಳಿಯತೊಡಗುತ್ತದೆ. ಆದ್ದರಿಂದ ಅಂದಾಜನ್ನು ಮೂರು ಹಂತದಲ್ಲಿ ಮಾಡಬೇಕು. ಗೀರಿಲ್ಲದಿದ್ದರೆ ಎಷ್ಟು ಬರುತ್ತಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ನಿಜವಾಗಿ ಮುರಿದದ್ದನ್ನು ಸರಿಪಡಿಸುವ ಖರ್ಚನ್ನು ಅದರಿಂದ ಕಳೆದು, ಕೊನೆಗೆ ಅನುಮಾನಕ್ಕೆ ತೆರಬೇಕಾದ ಮೊತ್ತವನ್ನು ಕಳೆಯಬೇಕು. ಈ ಕೊನೆಯ ಮೊತ್ತವೊಂದನ್ನು ಮಾತ್ರ ಪುರಾವೆ ತೋರಿಸಿ ತಗ್ಗಿಸಲು ಸಾಧ್ಯ.

ಗೀರಿಲ್ಲದಿದ್ದರೆ ಎಷ್ಟು?

ಮೊದಲಿಗೆ ಯಂತ್ರದ ಪೂರ್ಣ ಗುರುತು ಬೇಕು. ‘ಐ5 ಲ್ಯಾಪ್‌ಟಾಪ್’ ಎಂದಷ್ಟೇ ಹೇಳಿದರೆ ಬೆಲೆ ಕಟ್ಟಲಾಗದು. ಅಡಿಭಾಗದ ಚೀಟಿಯಲ್ಲಿರುವ ಮಾಡೆಲ್ ಸಂಖ್ಯೆ, ಪ್ರೊಸೆಸರಿನ ಪೂರ್ಣ ಹೆಸರು, ರ‍್ಯಾಮ್, ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯ ಗಾತ್ರ, ಪರದೆ ಫುಲ್ ಎಚ್‌ಡಿಯೋ ಅಥವಾ 1366×768ರ ಹಳೆಯ ಎಚ್‌ಡಿಯೋ ಎಂಬುದನ್ನು ಬರೆದುಕೊಳ್ಳಿ. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಗೆರೆಯ ನಂತರ ಬರುವ ಮೊದಲ ಒಂದೆರಡು ಅಂಕಿಗಳು ತಲೆಮಾರನ್ನು ಹೇಳುತ್ತವೆ: ಐ5-8250ಯು ಎಂದಿದ್ದರೆ ಅದು 8ನೆಯ ತಲೆಮಾರಿನದು, ಐ5-1135ಜಿ7 ಎಂದಿದ್ದರೆ 11ನೆಯದು. ಈ ಅಂಕಿ ಈಗ ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು ಮತ್ತು, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನಲ್ಲಿ 8ನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಹೀಗಾಗಿ 7ನೆಯ ತಲೆಮಾರಿನ ಯಂತ್ರ ಹೊರಗೆ ಎಷ್ಟೇ ಹೊಳೆಯುತ್ತಿದ್ದರೂ, ಮೈಯೆಲ್ಲ ಗೀರಾದ 8ನೆಯ ತಲೆಮಾರಿನ ಯಂತ್ರಕ್ಕಿಂತ ಕಡಿಮೆಗೆ ಹೋದರೆ ಅಚ್ಚರಿಪಡಬೇಕಾಗಿಲ್ಲ.

ಕಚೇರಿಗಳ ಲೆಕ್ಕಪುಸ್ತಕದ ಸವಕಳಿಯನ್ನು ಇಲ್ಲಿಗೆ ತರಬಾರದು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಂತೆ, ಉಳಿದ ಮೌಲ್ಯದ ಮೇಲೆ ಸವಕಳಿ ಹಾಕುತ್ತಾರೆ. 60,000 ರೂಪಾಯಿಯ ಯಂತ್ರ ಮೂರು ಪೂರ್ಣ ವರ್ಷಗಳಲ್ಲಿ 12,960ಕ್ಕೆ ಇಳಿಯುತ್ತದೆ. ಅದು ತೆರಿಗೆಗಾಗಿ ಮಾಡಿದ ಲೆಕ್ಕವೇ ಹೊರತು ಮಾರುಕಟ್ಟೆಯದಲ್ಲ. ಮಾರುಕಟ್ಟೆಯ ಬೆಲೆ ತಿಳಿಯಬೇಕಾದರೆ ಅದೇ ಪ್ರೊಸೆಸರ್, ಅದೇ ರ‍್ಯಾಮ್ ಇರುವ ಯಂತ್ರಗಳ ಜಾಹೀರಾತುಗಳನ್ನು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ನೋಡಿ, ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟು ನಡುವಿನ ಬೆಲೆಯನ್ನು ಹಿಡಿಯಬೇಕು. ಅಲ್ಲಿ ಕಾಣುವುದು ಮಾರುವವರು ಕೇಳುತ್ತಿರುವ ಬೆಲೆ ಮಾತ್ರ. ಚೌಕಾಸಿಗೆಂದು ಅದರಲ್ಲಿ ಸ್ವಲ್ಪ ಕಳೆದುಕೊಳ್ಳುವುದು ಕಡ್ಡಾಯ, ಮತ್ತು ವಾರಗಟ್ಟಲೆ ಹಾಗೆಯೇ ಉಳಿದಿರುವ ಜಾಹೀರಾತಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಲೇಸು.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಒಂದೇ ಮಾಡೆಲಿನ ಹತ್ತು ಜಾಹೀರಾತುಗಳು ಒಟ್ಟಿಗೆ ಸಿಗುವುದು ಕಷ್ಟ. ಆದ್ದರಿಂದ ಬಳ್ಳಾರಿ, ಕೊಪ್ಪಳದವರು ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಬೆಲೆಗಳನ್ನೂ, ರಾಯಚೂರಿನವರು ಹೈದರಾಬಾದ್, ಸಿಕಂದರಾಬಾದ್ ಕಡೆಯ ಬೆಲೆಗಳನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಾಲು ಹೆಚ್ಚು ಇರುವಲ್ಲಿ ಬೆಲೆ ತುಸು ಕಡಿಮೆಯೇ ಇರುತ್ತದೆ. ಆದರೆ ರಾಯಚೂರಿನಿಂದ ಹೈದರಾಬಾದಿಗೆ ಸುಮಾರು 200 ಕಿಲೋಮೀಟರ್, ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300. ಪ್ರಯಾಣದ ಖರ್ಚು, ಒಂದು ದಿನದ ಕೆಲಸ, ನಾಳೆ ಏನಾದರೂ ಕೆಟ್ಟರೆ ಹೋಗಿ ಕೇಳಲು ಒಬ್ಬ ಗುರುತಿನ ಮನುಷ್ಯ ಇರುವ ನೆಮ್ಮದಿ, ಇಷ್ಟಕ್ಕೆ ಊರಿನ ಕೊಳ್ಳುಗ ಒಂದೆರಡು ಸಾವಿರ ಹೆಚ್ಚು ಕೊಡಲು ಸಿದ್ಧನಿರುತ್ತಾನೆ. ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಸರಿಯಲ್ಲ.

ಈ ಬೆಲೆಗೆ ಮೇಲೊಂದು, ಕೆಳಗೊಂದು ಮಿತಿ ಇದೆ. ಇದೇ ಕೆಲಸವನ್ನು ಮಾಡಬಲ್ಲ ಹೊಸ ಲ್ಯಾಪ್‌ಟಾಪ್ ಒಂದು ವರ್ಷದ ವಾರಂಟಿಯೊಂದಿಗೆ ಎಷ್ಟಕ್ಕೆ ಸಿಗುತ್ತದೆಯೋ ಅದರ ಹತ್ತಿರಕ್ಕೂ ಹಳೆಯದರ ಬೆಲೆ ಹೋಗಲಾರದು. ಕೆಳಗಿನ ಮಿತಿ ಬಿಡಿಭಾಗಗಳದು: ರ‍್ಯಾಮ್, ಎಸ್‌ಎಸ್‌ಡಿ, ಪರದೆ, ಚಾರ್ಜರ್, ಮದರ್‌ಬೋರ್ಡುಗಳನ್ನು ಬಿಚ್ಚಿ ಮಾರಿದರೆ ಬರುವ ಮೊತ್ತ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಈ ಕೆಳಗಿನ ಮಿತಿಯೂ ಮೇಲೆ ಸರಿದಿದೆ. ಮೈ ಪೂರಾ ಒಡೆದಿದ್ದರೂ 16 ಜಿಬಿ ರ‍್ಯಾಮ್ ಇರುವ ಯಂತ್ರವನ್ನು ಗುಜರಿಯ ಬೆಲೆಗೆ ಕೊಡುವ ಮೊದಲು, ಆ ರ‍್ಯಾಮ್ ಬಿಚ್ಚಿ ತೆಗೆಯುವಂಥದೋ ಬೋರ್ಡಿಗೇ ಬೆಸೆದದ್ದೋ ಎಂಬುದನ್ನು ನೋಡಿಕೊಳ್ಳಬೇಕು.

ಮೇಲಿನ ಗೀರು, ಒಳಗಿನ ಏಟು

ಇನ್ನು ಲ್ಯಾಪ್‌ಟಾಪನ್ನು ಬೆಳಗಿನ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು ಪರೀಕ್ಷಿಸುವ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಕಾಣದ ಗೀರುಗಳು ಓರೆಯಾಗಿ ಬೀಳುವ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಪ್ರತಿಯೊಂದು ಗುರುತನ್ನೂ ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬಳಕೆಯಿಂದ ಆದದ್ದೋ, ಏಟಿನಿಂದ ಆದದ್ದೋ?

ಮುಚ್ಚಳದ ಮೇಲಿನ ಸಣ್ಣ ಗೀರುಗಳು, ಅಂಗೈ ಊರುವ ಜಾಗದಲ್ಲಿ ಸವೆದ ಬಣ್ಣ, ಎಣ್ಣೆ ಹಚ್ಚಿದಂತೆ ಮಿನುಗುವ ಕೀಲಿಗಳು, ಅಳಿಸಿದ ಅಕ್ಷರಗಳು, ಕನ್ನಡ ಟೈಪಿಂಗಿಗೆಂದು ಕೀಲಿಗಳ ಮೇಲೆ ಅಂಟಿಸಿದ ಸ್ಟಿಕ್ಕರುಗಳ ಅಂಟು, ಇವೆಲ್ಲ ಬಳಕೆಯ ಗುರುತುಗಳು. ಹಳೆಯ ಯಂತ್ರವನ್ನು ಕೊಳ್ಳುವವರು ಇವನ್ನು ನಿರೀಕ್ಷಿಸಿಯೇ ಬಂದಿರುತ್ತಾರೆ. ನಾಲ್ಕು ವರ್ಷ ಹಳೆಯ ಯಂತ್ರಕ್ಕೆ ಇವೆಲ್ಲ ಸೇರಿ ಕೆಲವು ನೂರು ರೂಪಾಯಿಗಳಷ್ಟು ಇಳಿಕೆ ತರಬಹುದು. ಎರಡು ವರ್ಷದ್ದಾದರೆ ಒಂದೆರಡು ಸಾವಿರದವರೆಗೂ ಹೋಗಬಹುದು, ಏಕೆಂದರೆ ಹೊಸದರಂತೆ ಕಾಣಲಿ ಎಂಬ ಆಸೆ ಅಂಥ ಯಂತ್ರವನ್ನು ಹುಡುಕುವವರಲ್ಲಿ ಹೆಚ್ಚು. ಯಂತ್ರ ಹೊಸದಾದಷ್ಟೂ ಗೀರಿನ ಬೆಲೆ ಹೆಚ್ಚು ಎಂಬುದನ್ನು ಗಮನಿಸಬೇಕು. ಎಲ್ಲ ಯಂತ್ರಗಳಿಗೂ ‘ಗೀರಿದ್ದರೆ ಶೇ. 20 ಕಳೆ’ ಎಂಬಂಥ ಒಂದೇ ಸೂತ್ರವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಏಟಿನ ಗುರುತುಗಳ ಮಾತೇ ಬೇರೆ. ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುವಂತೆ, ಲ್ಯಾಪ್‌ಟಾಪ್ ವ್ಯಾಪಾರ ಬಲ್ಲವರು ಮೊದಲು ನೋಡುವುದು ಹಿಂಜನ್ನು, ಅಂದರೆ ಮುಚ್ಚಳವನ್ನು ಕೆಳಭಾಗಕ್ಕೆ ಜೋಡಿಸುವ ತಿರುಗಣಿಯನ್ನು. ಮುಚ್ಚಳವನ್ನು ಅರ್ಧ ತೆರೆದು, ಪರದೆಯ ಕೆಳಗಿನ ಎರಡೂ ಮೂಲೆಗಳನ್ನು ಕಣ್ಣಿಗೆ ಹತ್ತಿರ ತಂದು ನೋಡಿ. ತೆರೆಯುವಾಗ ಒಂದು ಬದಿಯಲ್ಲಿ ಪರದೆಯ ಸುತ್ತಲಿನ ಅಂಚುಪಟ್ಟಿ ಉಗುರು ತೂರುವಷ್ಟು ಬಾಯಿ ಬಿಡುತ್ತಿದ್ದರೆ, ಅಥವಾ ‘ಚಟ್’ ಎಂಬ ಸದ್ದು ಬಂದರೆ, ಒಳಗೆ ಹಿಂಜನ್ನು ಹಿಡಿದಿರುವ ಹಿತ್ತಾಳೆಯ ಪುಟ್ಟ ನಟ್ಟುಗಳು ಪ್ಲಾಸ್ಟಿಕ್ಕಿನಿಂದ ಕಿತ್ತುಬಂದಿವೆ ಎಂದು ತಿಳಿಯಬಹುದು. ಕಡಿಮೆ ಬೆಲೆಯ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪುಗಳಲ್ಲಿ ಇದು ಬಹಳ ಸಾಮಾನ್ಯ. ಹಿಂಜು ಕಾಲಕ್ರಮೇಣ ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಹಳತಾಗಿ ಬಿರುಸಾಗುತ್ತದೆ, ಒಂದೇ ಮೂಲೆ ಹಿಡಿದು ಮುಚ್ಚಳ ಎತ್ತುವ ಅಭ್ಯಾಸ ಉಳಿದದ್ದನ್ನು ಮಾಡುತ್ತದೆ. ಹಾಗೆಯೇ ಬಿಟ್ಟರೆ ಹಿಂಜಿನ ಪಕ್ಕದಿಂದ ಹಾದುಹೋಗುವ ಪರದೆಯ ಕೇಬಲ್ ಸವೆದು ಚಿತ್ರ ಮಿಣುಕತೊಡಗುತ್ತದೆ, ಕೊನೆಗೆ ಪರದೆಯೇ ಒಡೆಯಬಹುದು. ಆದ್ದರಿಂದ ಹಿಂಜಿನ ಬಿರುಕು ಕಣ್ಣಿಗೆ ಬರೀ ಹೊರಮೈಯ ಗಾಯದಂತೆ ಕಂಡರೂ ಅಂದಾಜಿನಲ್ಲಿ ಅದನ್ನು ದುರಸ್ತಿಯ ಸಾಲಿಗೆ ಸೇರಿಸಬೇಕು. ಬರಿಯ ಅಂಟು ತುಂಬಿ ಕೂರಿಸಿದ ಹಿಂಜು ಹೆಚ್ಚು ದಿನ ಬಾಳುವುದಿಲ್ಲ, ಮತ್ತು ಅಂಟಿನ ಕಲೆ ಕಂಡ ಕೊಳ್ಳುಗ ಉಳಿದ ಯಾವ ಮಾತನ್ನೂ ನಂಬುವುದಿಲ್ಲ.

ಮೂಲೆಯ ನೆಗ್ಗು ಬಿದ್ದದ್ದರ ಸಾಕ್ಷಿ. ಅದು ಪರದೆಯ ಮೂಲೆಯಲ್ಲಿದ್ದರೆ ಪೂರ್ತಿ ಬಿಳಿಯ, ಪೂರ್ತಿ ಕಪ್ಪು ಚಿತ್ರಗಳನ್ನು ಪರದೆಯ ತುಂಬ ತೆರೆದು ಆ ಮೂಲೆಯಲ್ಲಿ ಮಬ್ಬು ಅಥವಾ ಬೆಳಕಿನ ಸೋರಿಕೆ ಇದೆಯೇ ಎಂದು ನೋಡಬೇಕು. ಕೆಳಭಾಗದ ಮೂಲೆಯಲ್ಲಿದ್ದರೆ ಅದರ ಹತ್ತಿರದ ಯುಎಸ್‌ಬಿ, ಚಾರ್ಜಿಂಗ್ ಜಾಕ್‌ಗಳು ಸಡಿಲವಾಗಿವೆಯೇ ಎಂದು ತಂತಿ ಸಿಕ್ಕಿಸಿ ಅಲುಗಾಡಿಸಿ ಪರೀಕ್ಷಿಸಬೇಕು. ಎಲ್ಲವೂ ಸರಿಯಿದ್ದರೆ ಉಳಿಯುವುದು ಅನುಮಾನದ ಮೊತ್ತ ಮಾತ್ರ, ಮತ್ತು ಈ ಪರೀಕ್ಷೆಯನ್ನೇ ಕೊಳ್ಳುವವರ ಎದುರು ಮಾಡಿ ತೋರಿಸಿದರೆ ಅದೂ ಅರ್ಧಕ್ಕೆ ಇಳಿಯುತ್ತದೆ.

ಪರದೆಯ ಮೇಲಿನ ಗುರುತುಗಳಲ್ಲಿ ಒರೆಸಿದರೆ ಹೋಗುವುದೂ ಇದೆ, ಹೋಗದ್ದೂ ಇದೆ. ತುಂಬಿದ ಬ್ಯಾಗಿನಲ್ಲಿ ಒತ್ತಿಹೋಗಿ ಕೀಲಿಗಳ ಚೌಕಟ್ಟು ಪರದೆಯ ಮೇಲೆ ಅಚ್ಚಾಗಿರುವುದು ಹಲವು ಬಾರಿ ಬರಿಯ ಕೈಜಿಡ್ಡು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತುಸುವೇ ತೇವ ಮಾಡಿ ಒರೆಸಿದರೆ ಹೋಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಒರೆಸಿದರೆ ಅದರ ಗಡಸುತನದಿಂದ ಬಿಳಿಯ ಕಲೆ ನಿಂತು ಇನ್ನೊಂದು ತೊಂದರೆ ಹುಟ್ಟುತ್ತದೆ. ಒರೆಸಿದರೂ ಹೋಗದ ಬಿಳಿಯ ಚುಕ್ಕೆಗಳು ಒಳಪದರಕ್ಕೆ ಒತ್ತಡ ಬಿದ್ದುದರ ಫಲ. ಅಡ್ಡ, ಉದ್ದದ ಗೆರೆಗಳು ಪ್ಯಾನೆಲ್ಲು ಅಥವಾ ಕೇಬಲ್ಲಿನ ದೋಷ. ಇವು ಸೌಂದರ್ಯದ ಮಾತಲ್ಲ, ಪರದೆ ಬದಲಿಸುವ ಪೂರ್ಣ ಖರ್ಚನ್ನೇ ಕಳೆಯಬೇಕು.

ಅಂಗೈ ಊರುವ ಜಾಗ ಉಬ್ಬಿದ್ದರೆ, ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದ್ದರೆ, ಅಥವಾ ಮೇಜಿನ ಮೇಲಿಟ್ಟಾಗ ಯಂತ್ರ ಸಮನಾಗಿ ಕೂರದೆ ಅಲ್ಲಾಡಿದರೆ, ಬೆಲೆಯ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಚಾರ್ಜ್ ಮಾಡುವುದನ್ನು ಬಿಡಬೇಕು. ಒಳಗಿನ ಲಿಥಿಯಂ ಬ್ಯಾಟರಿ ಅನಿಲ ತುಂಬಿ ಊದಿಕೊಂಡಿರುವ ಲಕ್ಷಣ ಅದು. ಚುಚ್ಚಿದರೆ ಅಥವಾ ಒತ್ತಿದರೆ ಬೆಂಕಿ ಹತ್ತಬಹುದು. ತಿಳಿದವರಿಂದ ಅದನ್ನು ತೆಗೆಸಿದ ನಂತರವೇ ಅಂದಾಜು.

ಧೂಳು ಮತ್ತು ಬಿಸಿಲು

ಈ ಮೂರು ಜಿಲ್ಲೆಗಳ ಯಂತ್ರಗಳಿಗೆ ತಮ್ಮದೇ ಆದ ಕೆಲವು ಗುರುತುಗಳಿವೆ. ಸಂಡೂರು, ತೋರಣಗಲ್ಲು ಕಡೆ ಬಳಸಿದ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ, ಸ್ಪೀಕರಿನ ತೂತುಗಳಲ್ಲಿ, ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಅದಿರಿನ ಕೆಂಪು ಧೂಳು ಕುಳಿತಿರುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಕಚೇರಿಯಿಂದ ಬಂದದ್ದರಲ್ಲಿ ಹೊಟ್ಟಿನ ತೆಳುವಾದ ಪುಡಿ. ಇದು ಹಾನಿಯಲ್ಲ, ಕೊಳೆ. ಆದರೆ ಕೊಳ್ಳುವವರು ಕೊಳೆಯನ್ನೂ ಹಾನಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಮೆತ್ತನೆಯ ಬ್ರಷ್ಷಿನಿಂದ ಸಂದಿಗಳನ್ನು ಸ್ವಚ್ಛಗೊಳಿಸಿ, ಕೆಳಗಿನ ತಟ್ಟೆ ಬಿಚ್ಚಿಸಿ ಫ್ಯಾನ್ ಶುಚಿಮಾಡಿಸಿದರೆ ಹಾಕಿದ ಹಣಕ್ಕಿಂತ ಹೆಚ್ಚು ಮರಳಿ ಬರುವುದು ಬಹುಮಟ್ಟಿಗೆ ಖಚಿತ.

ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಕೋಣೆಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಇದ್ದ ಯಂತ್ರದಲ್ಲಿ ಅಡಿಯ ರಬ್ಬರ್ ಪಟ್ಟಿಗಳ ಅಂಟು ಬಿಟ್ಟಿರುತ್ತದೆ, ಕೆಲವು ಮಾಡೆಲುಗಳ ಮೇಲಿನ ರಬ್ಬರಿನಂಥ ಲೇಪ ಜಿಗುಟಾಗಿರುತ್ತದೆ. ಪಟ್ಟಿಗಳನ್ನು ಕಡಿಮೆ ಖರ್ಚಿನಲ್ಲಿ ಹಾಕಿಸಬಹುದು. ಜಿಗುಟಿಗೂ ಸ್ಟಿಕ್ಕರಿನ ಅಂಟಿಗೂ ಬಟ್ಟೆಯ ಮೇಲೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಮೊದಲು ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿ ಬಳಸುವುದು ಸೂಕ್ತ. ಥಿನ್ನರ್, ಪೆಟ್ರೋಲುಗಳು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಶಾಖದ ನಿಜವಾದ ಪೆಟ್ಟು ಬೀಳುವುದು ಬ್ಯಾಟರಿಗೆ, ಅದು ಹೊರಗೆ ಕಾಣುವುದಿಲ್ಲ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ (powercfg /batteryreport) ಕೊಟ್ಟರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ 41,040 ಮಿಲಿವ್ಯಾಟ್‌ಅವರ್ ಎಂದೂ ‘ಫುಲ್ ಚಾರ್ಜ್ ಕೆಪಾಸಿಟಿ’ 26,676 ಎಂದೂ ಇದ್ದರೆ, ಬ್ಯಾಟರಿಯಲ್ಲಿ ಮೂಲ ಶಕ್ತಿಯ ಶೇ. 65 ಮಾತ್ರ ಉಳಿದಿದೆ ಎಂದರ್ಥ. ಈ ವರದಿಯನ್ನೂ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶ ತೋರಿಸುವ ಎಸ್‌ಎಸ್‌ಡಿಯ ಆರೋಗ್ಯವನ್ನೂ ಚಿತ್ರ ತೆಗೆದಿಟ್ಟುಕೊಳ್ಳಿ. ಗೀರು ಬಿದ್ದ ಯಂತ್ರದ ಒಳಗು ಚೆನ್ನಾಗಿದೆ ಎಂದು ಬಾಯಲ್ಲಿ ಹೇಳುವುದಕ್ಕೂ ಈ ಎರಡು ಚಿತ್ರಗಳನ್ನು ತೋರಿಸುವುದಕ್ಕೂ ಬಹಳ ಅಂತರವಿದೆ.

ಒಂದು ಲೆಕ್ಕ ಮಾಡಿ ನೋಡೋಣ

ಬಳ್ಳಾರಿಯಲ್ಲಿರುವ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿಯ ಮೊತ್ತಗಳೆಲ್ಲ ವಿಧಾನವನ್ನು ತೋರಿಸಲು ಇಟ್ಟುಕೊಂಡವು, ನಿಮ್ಮ ಯಂತ್ರದ ಮೊತ್ತಗಳನ್ನು ನೀವೇ ವಿಚಾರಿಸಿ ಹಾಕಿಕೊಳ್ಳಬೇಕು. 2021ರಲ್ಲಿ ಕೊಂಡ 15.6 ಇಂಚಿನ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪ್, ಐ5-1135ಜಿ7, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮುಚ್ಚಳದ ಮೇಲೆ ಗೀರುಗಳಿವೆ, ಮುಚ್ಚಳದ ಒಂದು ಮೂಲೆ ನೆಗ್ಗಿದೆ, ಎಡಗಡೆಯ ಹಿಂಜು ಕಿತ್ತಿದೆ, ಬ್ಯಾಟರಿ ಶೇ. 65ಕ್ಕೆ ಬಂದಿದೆ. ಗೀರಿಲ್ಲದ ಅಂಥದೇ ಯಂತ್ರಗಳಿಗೆ ಜಾಹೀರಾತುಗಳಲ್ಲಿ ಕೇಳುತ್ತಿರುವ ನಡುವಿನ ಬೆಲೆ 26,000 ಇದ್ದು, ಚೌಕಾಸಿಗೆ 2,000 ಬಿಟ್ಟರೆ ಶುದ್ಧ ಬೆಲೆ 24,000.

ಇದ್ದ ಹಾಗೆಯೇ ಮಾರಿದರೆ ಏನಾಗುತ್ತದೆ? ಹಿಂಜಿನ ದುರಸ್ತಿಗೆ ಅಂಗಡಿಯವರು ಹೇಳಿದ್ದು 3,000 ಆದರೂ ಕೊಳ್ಳುವವರು ಕಳೆಯುವುದು 5,000, ಏಕೆಂದರೆ ಖರ್ಚು ಎಷ್ಟಾಗುವುದೋ ಎಂಬ ಭಯ, ಅಂಗಡಿಗೆ ತಿರುಗುವ ತಾಪತ್ರಯ ಎರಡನ್ನೂ ಅವರು ಅದರಲ್ಲಿ ಸೇರಿಸಿರುತ್ತಾರೆ. ಬ್ಯಾಟರಿಗೆ 1,500, ಗೀರುಗಳಿಗೆ 800, ನೆಗ್ಗಿನ ಅನುಮಾನಕ್ಕೆ 1,000. ಉಳಿಯುವುದು 15,700.

ಈಗ ಹಿಂಜನ್ನು ಸರಿಪಡಿಸಿ ಮಾರುವುದಾದರೆ, ದುರಸ್ತಿಯವರು ‘ಎ ಪ್ಯಾನೆಲ್’ ಎಂದು ಕರೆಯುವ ಮುಚ್ಚಳದ ಹೊರತಟ್ಟೆಯನ್ನೇ ಬದಲಿಸಬೇಕಾಗುತ್ತದೆ, ಏಕೆಂದರೆ ಕಿತ್ತುಹೋದ ನಟ್ಟುಗಳು ಕೂತಿದ್ದದ್ದು ಅದರಲ್ಲಿಯೇ. ಗೀರುಗಳೂ ಮೂಲೆಯ ನೆಗ್ಗೂ ಇದ್ದದ್ದು ಸಹ ಅದೇ ತಟ್ಟೆಯ ಮೇಲೆ! 3,000 ರೂಪಾಯಿಯ ಒಂದು ಕೆಲಸದಿಂದ ಮೂರು ಕಡಿತಗಳು ಒಟ್ಟಿಗೆ ಹೋಗುತ್ತವೆ. ಪ್ಯಾನೆಲ್ ಬದಲಿಸಿರುವ ವಿಷಯವನ್ನು ಕೊಳ್ಳುವವರಿಗೆ ಹೇಳಲೇಬೇಕು. ಅದಕ್ಕೆಂದು 500 ಕಡಿಮೆಯಾಯಿತು ಎಂದುಕೊಂಡರೂ, ಬ್ಯಾಟರಿಯ 1,500 ಕಳೆದ ಮೇಲೆ ಮಾರಾಟದ ಬೆಲೆ 22,000. ದುರಸ್ತಿಯ ಖರ್ಚು ಹೋಗಿ ಕೈಗೆ ಉಳಿಯುವುದು 19,000. ಹಾಗೆಯೇ ಮಾರಿದ್ದಕ್ಕಿಂತ 3,300 ಹೆಚ್ಚು. ಯಾವ ಯಾವ ಗುರುತುಗಳು ಒಂದೇ ಬಿಡಿಭಾಗದ ಮೇಲಿವೆ ಎಂದು ನೋಡುವ ಈ ಕ್ರಮವನ್ನು ಹೆಚ್ಚಿನವರು ಅನುಸರಿಸುವುದಿಲ್ಲ; ಪ್ರತಿ ಗೀರಿಗೂ ಬೇರೆ ಬೇರೆ ಮೊತ್ತ ಕಳೆಯುತ್ತ ಹೋಗಿ ಸುಮ್ಮನೆ ನಷ್ಟ ಮಾಡಿಕೊಳ್ಳುತ್ತಾರೆ.

ಬ್ಯಾಟರಿಯನ್ನೂ ಬದಲಿಸಬಹುದಿತ್ತಲ್ಲ ಎಂದರೆ, ಹೊಸ ಬ್ಯಾಟರಿಗೆ 2,500 ಹೇಳುತ್ತಿದ್ದು ಕೊಳ್ಳುವವರು ಕಳೆಯುವುದು 1,500 ಮಾತ್ರವಾದರೆ ಬದಲಿಸದಿರುವುದೇ ಲಾಭ. ದುರಸ್ತಿಗೆ ಹಾಕುವ ಹಣಕ್ಕಿಂತ ಅದರಿಂದ ತಪ್ಪುವ ಕಡಿತ ದೊಡ್ಡದಾಗಿದ್ದರೆ ಮಾತ್ರ ಕೈಹಾಕಬೇಕು. ಅಗ್ಗದ ಹಳೆಯ ಯಂತ್ರಕ್ಕೆ ಹೊಸ ಪರದೆ ಹಾಕಿಸುವುದು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದಿಲ್ಲ. ಬಿದ್ದುಹೋದ ಒಂದು ಕೀಲಿ, ಕಾಣೆಯಾದ ನಾಲ್ಕು ಸ್ಕ್ರೂ, ಅಡಿಯ ರಬ್ಬರ್, ಇವು ಬಹುಪಾಲು ಗೆಲ್ಲುತ್ತವೆ. ದುರಸ್ತಿಯ ಬೆಲೆಯನ್ನು ಎರಡು ಅಂಗಡಿಗಳಲ್ಲಾದರೂ ಕೇಳಿ, ಹಾಕುವುದು ಒರಿಜಿನಲ್ ಭಾಗವೋ, ಬೇರೆಯವರು ತಯಾರಿಸಿದ ಕಂಪ್ಯಾಟಿಬಲ್ಲೋ, ಬೇರೆ ಯಂತ್ರದಿಂದ ಬಿಚ್ಚಿದ್ದೋ ಎಂದು ಸ್ಪಷ್ಟಪಡಿಸಿಕೊಳ್ಳಿ. ಹೊರತಟ್ಟೆಗೆ ಬಿಚ್ಚಿದ ಮಾಲು ನಡೆಯುತ್ತದೆ, ಬ್ಯಾಟರಿಗೆ ಬೇಡ.

ಸ್ಕಿನ್ ಎಂಬ ತೆಳುವಾದ ಹಾಳೆ ಅಂಟಿಸಿ ಗೀರು ಮುಚ್ಚುವ ಉಪಾಯ ನನಗೆ ಹಿಡಿಸುವುದಿಲ್ಲ. ಅದನ್ನು ಕಂಡ ಅನುಭವಸ್ಥರು ಮೊದಲು ಮಾಡುವ ಕೆಲಸವೇ ಅದರ ಅಂಚನ್ನು ಎತ್ತಿ ನೋಡುವುದು.

ಯಾರಿಗೆ, ಯಾವ ಯಂತ್ರ

ಅಂಗಡಿಗೆ ಕೊಟ್ಟರೆ ಬರುವ ಬೆಲೆ ನೇರವಾಗಿ ಮಾರಿದ್ದಕ್ಕಿಂತ ಕಡಿಮೆ ಇರುವುದು ಮೋಸವೇನಲ್ಲ. ಅಂಗಡಿಯವರು ಅದನ್ನು ಶುಚಿಮಾಡಿ, ದುರಸ್ತಿ ಮಾಡಿ, ತಮ್ಮ ಮಾತಿನ ವಾರಂಟಿ ಕೊಟ್ಟು, ಮಾರಾಟವಾಗುವವರೆಗೆ ಹಣ ಹಿಡಿದಿಟ್ಟು ಲಾಭವನ್ನೂ ಹುಟ್ಟಿಸಬೇಕು. ಆದರೆ ಹಿಂಜು, ಪ್ಯಾನೆಲ್‌ಗಳ ಕೆಲಸ ಅವರಿಗೆ ನಮಗಿಂತ ಅಗ್ಗ. ಹೀಗಾಗಿ ಹಾನಿ ಹೆಚ್ಚಿದ್ದಷ್ಟೂ ಅಂಗಡಿಯ ಬೆಲೆಗೂ ನೇರ ಮಾರಾಟದ ಬೆಲೆಗೂ ಇರುವ ಅಂತರ ಕಿರಿದಾಗುತ್ತದೆ. ಹಾನಿ ಬರಿಯ ಗೀರಾಗಿದ್ದರೆ ನೇರವಾಗಿ ವಿದ್ಯಾರ್ಥಿಗೋ ಸಣ್ಣ ಕಚೇರಿಗೋ ಮಾರುವುದೇ ಸರಿ. ಆನ್‌ಲೈನ್ ಖರೀದಿ ಕಂಪನಿಗಳ ಅರ್ಜಿಯಲ್ಲಿ ‘ಮೈ ಚೆನ್ನಾಗಿದೆ’, ‘ಸಾಧಾರಣ’ ಎಂಬಂಥ ಆಯ್ಕೆಗಳಿದ್ದಾಗ ಒಂದು ಹಂತ ಕಡಿಮೆಯದನ್ನೇ ಗುರುತಿಸಿ ಬರುವ ಮೊತ್ತವನ್ನು ಅಂದಾಜಿಗೆ ಹಿಡಿಯಿರಿ. ಮನೆಗೆ ಬಂದು ಪರೀಕ್ಷಿಸುವವರು ಬೆಲೆಯನ್ನು ಇಳಿಸುವುದುಂಟು, ಏರಿಸುವುದು ಅಪರೂಪ.

ಯಂತ್ರದ ಜಾತಿಯನ್ನೂ ನೋಡಬೇಕು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥ ಕಚೇರಿ ಮಾದರಿಗಳಲ್ಲಿ ಗೀರಿಗೆ ಹೆಚ್ಚು ಬೆಲೆ ಕಳೆಯುವುದಿಲ್ಲ. ಕಂಪನಿಗಳಿಂದ ಹೊರಬಂದ ಇಂಥ ಯಂತ್ರಗಳು ಮಾರುಕಟ್ಟೆಯಲ್ಲಿ ತುಂಬಿರುವುದರಿಂದ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಕೊಳ್ಳುವವರೂ ಕೀಬೋರ್ಡು, ಗಟ್ಟಿತನ ನೋಡಿ ಬಂದವರಾಗಿರುತ್ತಾರೆ. ಮ್ಯಾಕ್‌ಬುಕ್ಕಿನದು ಇದಕ್ಕೆ ತದ್ವಿರುದ್ಧ. ಅದರ ಅಲ್ಯುಮಿನಿಯಂ ಮೈಯ ನೆಗ್ಗನ್ನು ಕಾಣದಂತೆ ಮಾಡುವುದು ಕಷ್ಟ, ಪರದೆಯನ್ನು ಮುಚ್ಚಳದ ಸಮೇತ ಒಟ್ಟಾಗಿ ಬದಲಿಸುವುದೇ ರೂಢಿಯಾದ್ದರಿಂದ ಖರ್ಚು ದೊಡ್ಡದು, ಮತ್ತು ನೋಟಕ್ಕಾಗಿಯೇ ಹಣ ಕೊಡುವವರು ಅಲ್ಲಿ ಹೆಚ್ಚು. 7ನೆಯ ತಲೆಮಾರು ಮತ್ತು ಅದಕ್ಕೂ ಹಳೆಯ ಯಂತ್ರಗಳಲ್ಲಿ ಹೊರಮೈ ಹೇಗಿದ್ದರೂ ಬೆಲೆ ಬಿಡಿಭಾಗಗಳ ಮಿತಿಯ ಹತ್ತಿರವೇ ಇರುವುದರಿಂದ ಶುಚಿಮಾಡುವುದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾಗಿಲ್ಲ.

ಖರೀದಿಯ ಬಿಲ್ಲನ್ನು ಹುಡುಕಿಟ್ಟುಕೊಳ್ಳಿ. ಮೊಬೈಲಿನಲ್ಲಾದರೆ ಐಎಂಇಐ ಸಂಖ್ಯೆಯಿಂದ ಕಳವಿನ ಮಾಲೇ ಎಂದು ಪರಿಶೀಲಿಸಲು ದೂರಸಂಪರ್ಕ ಇಲಾಖೆಯ ವ್ಯವಸ್ಥೆಯಿದೆ. ಲ್ಯಾಪ್‌ಟಾಪಿಗೆ ಆ ಸಂಖ್ಯೆ ಇಲ್ಲದಿರುವುದರಿಂದ ಬಿಲ್ಲೇ ಆಧಾರ. ನೆಗ್ಗಿದ ಯಂತ್ರ, ಮೇಲೆ ಕಂಪನಿಯೊಂದರ ಆಸ್ತಿ ಸಂಖ್ಯೆಯ ಚೀಟಿ ಕಿತ್ತ ಗುರುತು, ಬಿಲ್ಲೂ ಇಲ್ಲ ಎಂದಾದರೆ ಮುಟ್ಟಲು ಹಿಂಜರಿಯುವವರೇ ಹೆಚ್ಚು. ಮೂಲ ಚಾರ್ಜರ್ ಇಲ್ಲದಿದ್ದರೂ ಒಂದಿಷ್ಟು ಕಡಿತ ಖಂಡಿತ.

ಬೆಲೆ ಹೇಳುವಾಗ

ಅಂದಾಜನ್ನು ಒಂದೇ ಅಂಕಿಯಾಗಿ ಇಟ್ಟುಕೊಳ್ಳದೆ ಮೂರಾಗಿ ಬರೆದಿಡಿ. ಮೇಲಿನ ಉದಾಹರಣೆಯಲ್ಲಿ, ದುರಸ್ತಿಯ ನಂತರ, ಕೇಳುವ ಬೆಲೆ 23,500, ನಿರೀಕ್ಷೆ 22,000, ಅದಕ್ಕಿಂತ ಕೆಳಗೆ ಇಳಿಯದ ಮಟ್ಟ 20,500. ಫೋನಿನಲ್ಲಿ ‘ಕಡೀಗೆ ಎಷ್ಟಕ್ಕ ಕೊಡ್ತೀರಿ ಹೇಳ್ರಿ ಸರ್’ ಎಂದು ಕೇಳುವವರಿಗೆ ಕೊನೆಯ ಬೆಲೆ ಹೇಳಬೇಡಿ. ಬಂದು ಯಂತ್ರವನ್ನು ನೋಡಿದ ಮೇಲೆ ಅವರು ಚೌಕಾಸಿಯನ್ನು ಅಲ್ಲಿಂದಲೇ ಮತ್ತೆ ಶುರುಮಾಡುತ್ತಾರೆ.

ಚಿತ್ರಗಳಲ್ಲಿ ಗೀರನ್ನು ಅಡಗಿಸದೆ, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ತೆಗೆಯಿರಿ. ನಾಣ್ಯವಿಲ್ಲದ ಚಿತ್ರದಲ್ಲಿ ಸಣ್ಣ ನೆಗ್ಗೂ ದೊಡ್ಡದಾಗಿ ಕಾಣುತ್ತದೆ. ಮಾರುವ ಕಾಲ ಕೂಡ ಬೆಲೆಯನ್ನು ಕೆಲವು ಸಾವಿರ ಆಚೀಚೆ ಮಾಡಬಲ್ಲದು: ಬಳ್ಳಾರಿ, ರಾಯಚೂರುಗಳ ಎಂಜಿನಿಯರಿಂಗ್, ಪದವಿ ಕಾಲೇಜುಗಳ ತರಗತಿಗಳು ಆರಂಭವಾಗುವ ಹೊತ್ತಿಗೆ ಬೇಡಿಕೆ ಏರುತ್ತದೆ, ದಸರಾ, ದೀಪಾವಳಿಯ ರಿಯಾಯಿತಿಯಲ್ಲಿ ಹೊಸದರ ಬೆಲೆ ಇಳಿದಾಗ ಮೇಲಿನ ಮಿತಿಯೇ ಕುಸಿಯುವುದರಿಂದ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ.

ಜಾಹೀರಾತು ಹಾಕಿ ಎರಡು ವಾರವಾದರೂ ಯಾರೂ ವಿಚಾರಿಸದಿದ್ದರೆ ತಪ್ಪಿರುವುದು ಶುದ್ಧ ಬೆಲೆಯ ಅಂದಾಜು. ಇತರ ಜಾಹೀರಾತುಗಳನ್ನು ಮತ್ತೆ ನೋಡಿ ಅದನ್ನು ತಿದ್ದಬೇಕು. ವಿಚಾರಿಸುವವರು ಬರುತ್ತಿದ್ದು, ಯಂತ್ರ ನೋಡಿದ ಮೇಲೆ ಹಿಂದೆ ಸರಿಯುತ್ತಿದ್ದರೆ ಶುದ್ಧ ಬೆಲೆ ಸರಿಯಾಗಿಯೇ ಇದೆ, ಅನುಮಾನದ ಮೊತ್ತವನ್ನು ಕಡಿಮೆ ಹಿಡಿದಿದ್ದೀರಿ ಅಥವಾ ಚಿತ್ರದಲ್ಲಿ ಕಾಣದ ಏನೋ ಒಂದು ಅವರ ಕಣ್ಣಿಗೆ ಬೀಳುತ್ತಿದೆ. ಆಗ ಬೆಲೆ ಇಳಿಸುವ ಮೊದಲು ಅವರು ಮೊದಲು ಕೈಯಿಟ್ಟದ್ದು ಎಲ್ಲಿಗೆ ಎಂದು ನೆನಪಿಸಿಕೊಂಡು, ಆ ಜಾಗದ ಚಿತ್ರವನ್ನೂ ದುರಸ್ತಿಯ ಚೀಟಿಯನ್ನೂ ಜಾಹೀರಾತಿಗೆ ಸೇರಿಸಿ ಇನ್ನೊಂದು ವಾರ ನೋಡಬಹುದು.